ಬೆಳಗಾವಿ ಉದ್ಯಮಬಾಗದಿಂದ ಪುಣೆಗೆ ಸಿಎನ್‌ಸಿ ಘಟಕ ಸಾಗಿಸುವುದು: ಶೆಡ್, ಕರೆಂಟ್, ಜಿಎಸ್‌ಟಿ, ಮಷಿನ್

ಉದ್ಯಮಬಾಗ_ಟರ್ನಿಂಗ್

ಎಲ್ಲರಿಗೂ ನಮಸ್ಕಾರ. ಬೆಳಗಾವಿ ಉದ್ಯಮಬಾಗದ ನಮ್ಮ ಜಾಬ್‌ವರ್ಕ್ ಘಟಕವನ್ನು ಪುಣೆಗೆ ತರುವುದು ಖಾತ್ರಿಯಾಗಿದೆ. ಆರ್ಡರ್‌ಗಳಲ್ಲಿ ಮುಕ್ಕಾಲು ಪಾಲು ಚಾಕಣ್, ಪಿಂಪ್ರಿ ಕಡೆಯವು. ಇರುವುದು ಇಷ್ಟು: 8 ಇಂಚು ಚಕ್ಕಿನ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಲೇತ್ ನಾಲ್ಕು, 800×500 ಟೇಬಲ್ಲಿನ ವಿಎಂಸಿ (ಲಂಬ ಮಿಲ್ಲಿಂಗ್ ಮಷಿನ್) ಎರಡು, ಒಂದು ಸರ್ಫೇಸ್ ಗ್ರೈಂಡರ್, 10 ಎಚ್‌ಪಿ ಸ್ಕ್ರೂ ಕಂಪ್ರೆಸರ್. ಕೆಲಸಗಾರರು 14 ಮಂದಿ. ಪ್ರೊಪ್ರೈಟರಿ ಸಂಸ್ಥೆ. ಎರಡು ಲೇತ್‌ಗಳ ಮೇಲೆ ಬ್ಯಾಂಕ್ ಸಾಲ ಇದೆ. ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್ ಹೊರಗಡೆ ಮಾಡಿಸುತ್ತೇವೆ.

ಪುಣೆಯಲ್ಲಿ ಈ ಕೆಲಸ ಬಲ್ಲವರು ಹೇಳಬೇಕು: ಭೋಸರಿಯೋ ಚಾಕಣೋ? ಜಿಎಸ್‌ಟಿಯಲ್ಲಿ ಮಷಿನ್ ರಾಜ್ಯ ದಾಟಿಸುವುದು ಹೇಗೆ? ಎಲ್ಲವನ್ನೂ ಒಂದೇ ಸಲ ತರಬೇಕೋ, ಎರಡು ಕಂತಿನಲ್ಲೋ?

ಭೋಸರಿ_ಗಾಳಾ

ಸರ್, ಊರಿನ ಯಾವ ಭಾಗ ಅನ್ನುವುದಕ್ಕಿಂತ ಮೊದಲು ಶೆಡ್ಡಿನ ಕಾಗದ ನೋಡಿ. 2025ರ ಫೆಬ್ರುವರಿಯಲ್ಲಿ ಚಿಖಲಿ–ಕುದಳವಾಡಿಯಲ್ಲಿ ಪಿಂಪ್ರಿ-ಚಿಂಚವಡ ಮಹಾನಗರಪಾಲಿಕೆ ಅನಧಿಕೃತ ಗೋದಾಮು, ಶೆಡ್, ಸಣ್ಣ ಕಾರ್ಖಾನೆಗಳನ್ನು ಸಾಲುಸಾಲಾಗಿ ಕೆಡವಿತು. ಬಾಡಿಗೆಗಿದ್ದವರಿಗೂ ಮಷಿನ್ ಎತ್ತಿಕೊಂಡು ಹೋಗಲು ಸಿಕ್ಕ ಸಮಯ ಬಹಳ ಕಡಿಮೆ. ಬಾಡಿಗೆ ಕಡಿಮೆ ಅಂತ ಅಂಥ ಜಾಗ ಹಿಡಿದರೆ ಪುಣೆಯೊಳಗೇ ಇನ್ನೊಂದು ಸಲ ಸಾಗಿಸಬೇಕಾದೀತು.

ಕೇಳಬೇಕಾದ ಕಾಗದ ಎರಡು ಬಗೆ. ಎಂಐಡಿಸಿ (ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ) ಪ್ಲಾಟ್ ಆದರೆ ಮಾಲೀಕರ ಲೀಸ್ ಡೀಡ್, ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ, ಮತ್ತು ಉಪ-ಬಾಡಿಗೆಗೆ ಎಂಐಡಿಸಿ ಕೊಟ್ಟ ಅನುಮತಿ ಪತ್ರ. ಮೂರನೆಯದನ್ನು ಮಾಲೀಕರು ‘ಆಮೇಲೆ ಮಾಡಿಸೋಣ’ ಅನ್ನುತ್ತಾರೆ, ಒಪ್ಪಬೇಡಿ. ಎಂಐಡಿಸಿ ಜಾಗ ಗುತ್ತಿಗೆಯದು, ಅನುಮತಿ ಇಲ್ಲದ ಒಳಬಾಡಿಗೆ ಹಿಡಿದುಕೊಂಡು ನಿಮ್ಮ ಮಿಕ್ಕ ಯಾವ ಅರ್ಜಿಯೂ ಮುಂದೆ ಹೋಗುವುದಿಲ್ಲ. ಎಂಐಡಿಸಿ ಹೊರಗಿನ ಜಾಗವಾದರೆ ಎನ್‌ಎ (ಕೃಷಿಯೇತರ ಬಳಕೆ) ಆದೇಶ, ಮಂಜೂರಾದ ನಕ್ಷೆ, ಪೂರ್ಣಗೊಂಡ ಪ್ರಮಾಣಪತ್ರ, ಆಸ್ತಿ ತೆರಿಗೆ ರಸೀದಿ. ತೆರಿಗೆ ಕಟ್ಟಿದ ರಸೀದಿ ಇದ್ದ ಮಾತ್ರಕ್ಕೆ ಕಟ್ಟಡ ಅಧಿಕೃತ ಆಗುವುದಿಲ್ಲ. ಅನಧಿಕೃತ ಶೆಡ್ಡಿಗೂ ತೆರಿಗೆ ವಸೂಲಿ ಆಗುತ್ತದೆ.

ನಿಮ್ಮ ಮಷಿನ್‌ಗಳಿಗೆ 2,500ರಿಂದ 3,000 ಚದರಡಿ ನೆಲಮಹಡಿ ಬೇಕು. ಮೇಲಿನ ಮಹಡಿಯ ಗಾಳಾ (ಬಾಡಿಗೆಯ ಕಾರ್ಖಾನೆ ಮಳಿಗೆ) ಅಗ್ಗ, ಆದರೆ ಐದಾರು ಟನ್ನಿನ ವಿಎಂಸಿಗೆ ಅದು ಜಾಗವಲ್ಲ. ಶಟರ್ ಎತ್ತರ 14 ಅಡಿ ಇರಲಿ. ಎದುರಿನ ರಸ್ತೆಯಲ್ಲಿ ಲಾರಿ ಅಡ್ಡ ನಿಂತು, ಅದರ ಪಕ್ಕ ಹೈಡ್ರಾ ಕ್ರೇನ್ ತಿರುಗುವಷ್ಟು ಜಾಗ ಇದೆಯೇ ಅಂತ ಟೇಪ್ ಹಿಡಿದು ಅಳೆಯಿರಿ. ಭೋಸರಿಯ ಒಳಗಲ್ಲಿಗಳಲ್ಲಿ ಹಗಲು ಹೊತ್ತು ಎರಡೂ ಬದಿ ಟೆಂಪೊ ನಿಂತಿರುತ್ತವೆ.

ಕರಾರು ಲೀವ್ ಅಂಡ್ ಲೈಸೆನ್ಸ್. ಮಹಾರಾಷ್ಟ್ರದಲ್ಲಿ ಇದನ್ನು ನೋಂದಾಯಿಸಲೇಬೇಕು. ಮುದ್ರಾಂಕ ಶುಲ್ಕ ಒಟ್ಟು ಬಾಡಿಗೆ ಮತ್ತು ಡಿಪಾಜಿಟ್ ಮೇಲೆ ವರ್ಷಕ್ಕೆ ಶೇ. 10ರ ಲೆಕ್ಕದ ಬಡ್ಡಿ, ಎರಡೂ ಸೇರಿದ ಮೊತ್ತದ ಶೇ. 0.25. ಉದಾಹರಣೆಗೆ ತಿಂಗಳಿಗೆ 60,000, ಅವಧಿ 36 ತಿಂಗಳು, ಡಿಪಾಜಿಟ್ 3 ಲಕ್ಷ ಅಂದುಕೊಳ್ಳಿ: 21.6 ಲಕ್ಷ ಮತ್ತು 90,000 ಸೇರಿ 22.5 ಲಕ್ಷ, ಅದರ ಶೇ. 0.25 ಅಂದರೆ 5,625 ರೂಪಾಯಿ. ನೋಂದಣಿ ಶುಲ್ಕ ಬೇರೆ. ಲಾಕ್-ಇನ್ (ಇಷ್ಟು ಕಾಲ ಬಿಡುವಂತಿಲ್ಲ ಅನ್ನುವ ಷರತ್ತು) ನಿಮಗೂ ಅವರಿಗೂ ಸಮನಾಗಿರಲಿ. ಫೌಂಡೇಶನ್ ಒಡೆದು ನೆಲ ಸರಿಮಾಡುವ ಖರ್ಚು ಯಾರದು ಅಂತ ಕರಾರಿನಲ್ಲೇ ಬರೆಸಿ, ಬಿಡುವಾಗ ಡಿಪಾಜಿಟ್ ಹಿಡಿದುಕೊಳ್ಳುವುದು ಇದೇ ನೆಪಕ್ಕೆ.

ಭೋಸರಿಯೋ ಚಾಕಣೋ ಅಂದರೆ, 14 ಜನರ ಘಟಕಕ್ಕೆ ನನ್ನ ಓಟು ಭೋಸರಿಗೆ. ಇನ್ಸರ್ಟ್, ಕಾಲೆಟ್, ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್, ಗ್ರೈಂಡಿಂಗ್, ಕ್ಯಾಲಿಬ್ರೇಶನ್ ಎಲ್ಲ ಸ್ಕೂಟರ್ ದೂರದಲ್ಲಿ ಸಿಗುತ್ತವೆ. ಚಾಕಣ್‌ನಲ್ಲಿ ಶೆಡ್ ದೊಡ್ಡದು, ಹೊಸದು, ಗಿರಾಕಿ ಹತ್ತಿರ. ಆದರೆ ತಳೇಗಾಂವ್–ಚಾಕಣ್–ಶಿಕ್ರಾಪುರ ರಸ್ತೆಯಲ್ಲಿ ಸಂಜೆ ಲಾರಿ ಸಿಕ್ಕಿಕೊಂಡರೆ ಹತ್ತಿರ ಅನ್ನುವ ಲಾಭವೆಲ್ಲ ಹೋಯಿತು. ದಿನಕ್ಕೆ ಎರಡು ಸಲ ಮಾಲು ಕೊಡುವ ಒಪ್ಪಂದ ಇದ್ದರೆ ಮಾತ್ರ ಚಾಕಣ್.

ಚಿಂಚವಡ_ವಯರಿಂಗ್

ಶೆಡ್ ಒಪ್ಪುವ ಮೊದಲು ಮಹಾವಿತರಣದ (ಮಹಾರಾಷ್ಟ್ರದ ವಿದ್ಯುತ್ ಕಂಪನಿ) ಬಿಲ್ ಕೇಳಿ ನೋಡಿ. ಬಿಲ್ಲಿನಲ್ಲಿ ಮೂರು ಸಂಗತಿ: ಮಂಜೂರಾದ ಲೋಡ್ ಎಷ್ಟು, ದರದ ವರ್ಗ ಕೈಗಾರಿಕೆಯೋ ವಾಣಿಜ್ಯವೋ, ಬಾಕಿ ಎಷ್ಟು. ಗೋದಾಮಾಗಿದ್ದ ಶೆಡ್‌ಗಳಲ್ಲಿ ವಾಣಿಜ್ಯ ಮೀಟರ್, 10 ಕಿಲೋವ್ಯಾಟ್ ಲೋಡ್ ಇರುತ್ತದೆ. ಹಳೆಯ ಬಾಡಿಗೆದಾರರ ಬಾಕಿಯನ್ನು ಹೊಸಬರಿಂದ ಕೇಳಬಹುದೇ ಅನ್ನುವ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿ, ನಿಯಮದಲ್ಲಿ ಅವಕಾಶ ಇದ್ದರೆ ಕೇಳಬಹುದು ಅಂತ 2023ರ ಮೇ ತಿಂಗಳಲ್ಲಿ ತೀರ್ಪಾಗಿದೆ. ಹಾಗಾಗಿ ಬಾಕಿ ಸೊನ್ನೆ ಆದ ಬಿಲ್ ಕೈಗೆ ಬಂದ ಮೇಲೆಯೇ ಸಹಿ.

ನಿಮ್ಮ ಲೋಡ್ ಸುಮಾರಾಗಿ ಹೀಗೆ. ಲೇತ್ ಒಂದಕ್ಕೆ 15 ಕೆವಿಎಯಂತೆ 60, ವಿಎಂಸಿಗೆ 20ರಂತೆ 40, ಕಂಪ್ರೆಸರ್ 10, ಗ್ರೈಂಡರ್ 4, ದೀಪ, ಫ್ಯಾನ್, ಕ್ಯೂಸಿ (ಗುಣಮಟ್ಟ ತಪಾಸಣೆ) ಕೋಣೆಯ ಎಸಿ ಸೇರಿ 6. ಒಟ್ಟು 120. ಎಲ್ಲ ಸ್ಪಿಂಡಲ್‌ಗಳೂ ಒಂದೇ ಕ್ಷಣ ಪೂರ್ಣ ಲೋಡ್ ಎಳೆಯುವುದಿಲ್ಲ, 0.6 ಹಿಡಿದರೆ 72. ಅರ್ಜಿ 80 ಕೆವಿಎಗೆ ಹಾಕಿ. ನಿಮ್ಮ ಮಷಿನ್‌ಗಳ ನೇಮ್‌ಪ್ಲೇಟ್ ನೋಡಿ ಈ ಅಂಕಿ ತಿದ್ದಿಕೊಳ್ಳಿ. ಲೋಡ್ ಹೆಚ್ಚಿಸಲು ಲೈಸೆನ್ಸ್ ಇರುವ ಗುತ್ತಿಗೆದಾರರ ಟೆಸ್ಟ್ ರಿಪೋರ್ಟ್ ಬೇಕು. ಆ ಭಾಗದ ಟ್ರಾನ್ಸ್‌ಫಾರ್ಮರ್‌ನಲ್ಲಿ ಜಾಗ ಇಲ್ಲದಿದ್ದರೆ ಕೆಲಸ ವಾರಗಳಲ್ಲ, ತಿಂಗಳು ಹಿಡಿಯುತ್ತದೆ. ಎಲ್ಲ ಕೆಲಸಗಳ ಪೈಕಿ ತಡವಾಗುವುದು ಇದೇ, ಆದ್ದರಿಂದ ಮೊದಲು ಶುರುವಾಗಬೇಕಾದದ್ದೂ ಇದೇ.

ಸಿಎನ್‌ಸಿಗೆ ಪ್ರತ್ಯೇಕ ಅರ್ಥ್ ಪಿಟ್ ಹಾಕಿಸಿ, ಕಂಪ್ರೆಸರ್, ವೆಲ್ಡಿಂಗ್ ಅರ್ಥ್ ಜೊತೆ ಸೇರಿಸಬೇಡಿ. ಅರ್ಥ್ ಟೆಸ್ಟರ್‌ನಲ್ಲಿ 1 ಓಂ ಒಳಗೆ ಬರಲಿ, ನ್ಯೂಟ್ರಲ್–ಅರ್ಥ್ ನಡುವೆ 2 ವೋಲ್ಟ್ ಮೀರಬಾರದು. ಇದು ಕೆಟ್ಟರೆ ಡ್ರೈವ್ ಅಲಾರಂ ಬರುತ್ತ ಹೋಗುತ್ತ ಇರುತ್ತದೆ, ಕಾರಣ ಹುಡುಕಿ ಹುಡುಕಿ ಕಾರ್ಡ್ ಬದಲಾಯಿಸುತ್ತೀರಿ, ಕಾರ್ಡಿನ ತಪ್ಪು ಏನೂ ಇರುವುದಿಲ್ಲ.

ಮೊದಲ ಸಲ ಪವರ್ ಕೊಡುವ ಮುಂಚೆ ಫೇಸ್ ಸೀಕ್ವೆನ್ಸ್ ಮೀಟರ್ ಹಿಡಿಯಿರಿ. ಫೇಸ್ ತಿರುಗಿದ್ದರೆ ಹೈಡ್ರಾಲಿಕ್ ಪಂಪ್, ಕೂಲಂಟ್ ಪಂಪ್ ಉಲ್ಟಾ ತಿರುಗುತ್ತವೆ. ಪ್ರೆಶರ್ ಏರದು, ಚಕ್ ಹಿಡಿಯದು. ಸರ್ವೊ ಮೋಟರ್ ಮಾತ್ರ ಎಂದಿನಂತೆ ಓಡುವುದರಿಂದ ತಪ್ಪು ಕಣ್ಣಿಗೆ ಬೀಳುವುದು ತಡ, ಅಷ್ಟರಲ್ಲಿ ಪಂಪ್ ಸುಟ್ಟಿರುತ್ತದೆ.

ಇನ್ನೊಂದು, ಇಲ್ಲಿ ಕೈಗಾರಿಕಾ ಪ್ರದೇಶಕ್ಕೆ ವಾರದ ರಜೆ ಗುರುವಾರ. ಲೈನ್ ದುರಸ್ತಿಗೆ ಕರೆಂಟ್ ತೆಗೆಯುವುದೂ ಅಂದೇ. ಡಿಸ್ಪ್ಯಾಚ್ ದಿನಗಳನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಿ.

ಖಾತೆ_ಕಿರ್ದಿ

ಜಿಎಸ್‌ಟಿ ಭಾಗ. ಒಂದೇ ಪ್ಯಾನ್ ಇದ್ದರೂ ಕರ್ನಾಟಕದ ನೋಂದಣಿ ಬೇರೆ, ಮಹಾರಾಷ್ಟ್ರದ್ದು ಬೇರೆ. ಕಾನೂನಿನ ಕಣ್ಣಿಗೆ ಇಬ್ಬರು ಬೇರೆ ವ್ಯಕ್ತಿಗಳು. ಆದ್ದರಿಂದ ನಿಮ್ಮದೇ ಮಷಿನ್ ನಿಮ್ಮದೇ ಹೊಸ ಜಾಗಕ್ಕೆ ಬಂದರೂ ಅದು ‘ಸರಬರಾಜು’. ಡೆಲಿವರಿ ಚಲನ್ ಸಾಲದು, ಐಜಿಎಸ್‌ಟಿ (ಅಂತರರಾಜ್ಯ ಜಿಎಸ್‌ಟಿ) ಹಾಕಿದ ಟ್ಯಾಕ್ಸ್ ಇನ್ವಾಯ್ಸ್ ಬೇಕು. ‘ಸ್ವಂತ ಬಳಕೆ’ ಅಂತ ಬರೆದು ಚಲನ್ ಮೇಲೆ ಕಳಿಸಿದರೆ ದಾರಿಯಲ್ಲಿ ಲಾರಿ ನಿಲ್ಲುತ್ತದೆ, ಸೆಕ್ಷನ್ 129ರ ದಂಡ ಕಟ್ಟದೆ ಬಿಡುವುದಿಲ್ಲ.

ಕ್ರಮ ಹೀಗಿರಲಿ: ಶೆಡ್ ಕರಾರು ನೋಂದಣಿ, ಅದರ ಮೇಲೆ ಮಹಾರಾಷ್ಟ್ರದ ಹೊಸ ಜಿಎಸ್‌ಟಿ ಸಂಖ್ಯೆ, ಆಮೇಲೆ ಮೊದಲ ಲಾರಿ. ಹಳೆಯ ಸಂಖ್ಯೆ ಅಲ್ಲಿಯವರೆಗೂ ಬದುಕಿರಬೇಕು.

ಮಷಿನ್‌ಗೆ ಎಷ್ಟು ತೆರಿಗೆ? ಕೊಳ್ಳುವಾಗ ಕಟ್ಟಿದ ತೆರಿಗೆಗೆ ಪಡೆದ ಕ್ರೆಡಿಟ್‌ನಿಂದ ಪ್ರತಿ ತ್ರೈಮಾಸಿಕಕ್ಕೆ ಶೇ. 5 ಕಳೆದು ಉಳಿದದ್ದು ಒಂದು ಕಡೆ, ಇನ್ವಾಯ್ಸ್ ಬೆಲೆಯ ಮೇಲಿನ ತೆರಿಗೆ ಇನ್ನೊಂದು ಕಡೆ. ಎರಡರಲ್ಲಿ ಹೆಚ್ಚಿನದನ್ನು ಕಟ್ಟಬೇಕು. 20 ಲಕ್ಷದ ಲೇತ್, ಪಡೆದ ಕ್ರೆಡಿಟ್ 3.6 ಲಕ್ಷ, 16 ತ್ರೈಮಾಸಿಕ ಆಗಿದೆ ಅಂದುಕೊಳ್ಳಿ. ಶೇ. 80 ಕಳೆದು ಉಳಿಯುವುದು 72,000. ಇನ್ವಾಯ್ಸ್ ಬೆಲೆ 8 ಲಕ್ಷ ಹಾಕಿದರೆ ಶೇ. 18ರಂತೆ 1.44 ಲಕ್ಷ. ಕಟ್ಟಬೇಕಾದದ್ದು 1.44 ಲಕ್ಷ, ಅಷ್ಟೂ ಪುಣೆಯ ಸಂಖ್ಯೆಗೆ ಕ್ರೆಡಿಟ್ ಆಗಿ ಬರುತ್ತದೆ. ಪಡೆಯುವವರಿಗೆ ಪೂರ್ಣ ಕ್ರೆಡಿಟ್ ಅರ್ಹತೆ ಇದ್ದಾಗ ಇನ್ವಾಯ್ಸಿನಲ್ಲಿ ಬರೆದ ಬೆಲೆಯನ್ನೇ ಮಾರುಕಟ್ಟೆ ಬೆಲೆ ಅಂತ ನಿಯಮ 28 ಒಪ್ಪುತ್ತದೆ.

ಇಲ್ಲೊಂದು ಉಪಯೋಗ ಇದೆ. ಕರ್ನಾಟಕದ ಲೆಡ್ಜರ್‌ನಲ್ಲಿ ಉಳಿದ ಕ್ರೆಡಿಟ್ ತಾನಾಗಿ ಮಹಾರಾಷ್ಟ್ರಕ್ಕೆ ಬರುವುದಿಲ್ಲ. ಆದರೆ ಈ ಐಜಿಎಸ್‌ಟಿಯನ್ನು ಆ ಉಳಿಕೆಯಿಂದಲೇ ಕಟ್ಟಬಹುದು. ಹೀಗೆ ಉಳಿಕೆ ಮಷಿನ್, ಕಚ್ಚಾ ಮಾಲಿನ ಜೊತೆಗೇ ದಾಟುತ್ತದೆ. ಉಳಿಕೆ ಎಷ್ಟಿದೆ ನೋಡಿ ಇನ್ವಾಯ್ಸ್ ಬೆಲೆ ನಿರ್ಧರಿಸಲು ನಿಮ್ಮ ಸಿಎ ಜೊತೆ ಮೊದಲೇ ಕೂರಿ.

ಇ-ವೇ ಬಿಲ್: ಬೆಳಗಾವಿಯಿಂದ ಪುಣೆಗೆ ಸುಮಾರು 340 ಕಿ.ಮೀ. ಸಾಮಾನ್ಯ ಸರಕಿಗೆ 200 ಕಿ.ಮೀ.ಗೆ ಒಂದು ದಿನದಂತೆ ಎರಡು ದಿನ. ಸರಕು ಅಳತೆ ಮೀರಿದ್ದು ಅಂತಾದರೆ 20 ಕಿ.ಮೀ.ಗೆ ಒಂದು ದಿನ. ಲಾರಿ ಕೆಟ್ಟು ನಿಂತರೆ ಅವಧಿ ಮುಗಿಯುವ 8 ಗಂಟೆ ಮುಂಚಿನಿಂದ 8 ಗಂಟೆ ಆಮೇಲಿನವರೆಗೆ ವಿಸ್ತರಿಸಬಹುದು. ಲಾರಿ ಬದಲಾದರೆ ಭಾಗ-ಬಿಯಲ್ಲಿ ಹೊಸ ನಂಬರ್ ಹಾಕುವುದು ಮರೆಯಬೇಡಿ. ಒಂದೇ ಮಷಿನ್‌ನ ಭಾಗಗಳು ಎರಡು ಲಾರಿಯಲ್ಲಿ ಬಂದರೆ ಮೊದಲ ಲಾರಿ ಹೊರಡುವ ಮುಂಚೆ ಪೂರ್ತಿ ಇನ್ವಾಯ್ಸ್ ಮಾಡಿ. ಆಮೇಲಿನ ಲಾರಿಗಳಿಗೆ ಚಲನ್ ಮತ್ತು ದೃಢೀಕರಿಸಿದ ಪ್ರತಿ. ಮೂಲ ಇನ್ವಾಯ್ಸ್ ಕೊನೆಯ ಲಾರಿಯೊಂದಿಗೆ ಹೋಗಬೇಕು.

ಗಿರಾಕಿಗೆ ಸೇರಿದ ಫಿಕ್ಸ್ಚರ್, ಗೇಜ್, ಜಾಬ್‌ವರ್ಕ್‌ಗೆ ಬಂದ ಫೋರ್ಜಿಂಗ್ ನಿಮ್ಮ ಇನ್ವಾಯ್ಸಿಗೆ ಸೇರುವುದಿಲ್ಲ. ಅವರ ಒಪ್ಪಿಗೆ ಪಡೆದು, ಅವರ ಚಲನ್‌ನಲ್ಲಿ ಹೊಸ ಜಾಗ ನಮೂದಿಸಿ ಕಳಿಸಿ.

ಬ್ಯಾಂಕ್: ಹೈಪಾಥಿಕೇಶನ್ (ಸಾಲಕ್ಕೆ ಒತ್ತೆ) ಇರುವ ಎರಡು ಲೇತ್‌ಗಳಿಗೆ ಸ್ಥಳ ಬದಲಾವಣೆಯ ಲಿಖಿತ ಒಪ್ಪಿಗೆ ಬೇಕು, ವಿಮಾ ಪಾಲಿಸಿಯಲ್ಲೂ ಹೊಸ ವಿಳಾಸ ಏರಬೇಕು. ಮಾಲೀಕರು ಜಿಎಸ್‌ಟಿ ನೋಂದಣಿ ಇಲ್ಲದವರಾದರೆ 2024ರ ಅಕ್ಟೋಬರ್ 10ರಿಂದ ಬಾಡಿಗೆ ಮೇಲಿನ ಶೇ. 18 ನೀವೇ ರಿವರ್ಸ್ ಚಾರ್ಜ್‌ನಲ್ಲಿ ಕಟ್ಟಬೇಕು. ಅದು ನಗದಿನಲ್ಲಿ, ಕ್ರೆಡಿಟ್‌ನಿಂದ ಆಗದು. ಕಟ್ಟಿದ ಮೇಲೆ ಕ್ರೆಡಿಟ್ ಸಿಗುತ್ತದೆ. ಉದ್ಯಮ್ ನೋಂದಣಿ ಹೊಸದಾಗಿ ಮಾಡಿಸಬೇಡಿ, ಒಂದು ಉದ್ಯಮಕ್ಕೆ ಒಂದೇ. ಘಟಕದ ವಿಳಾಸ ಮಾತ್ರ ತಿದ್ದಿಸಿ.

ಸ್ಪಿಂಡಲ್_ಡಾಕ್ಟರ್

ಮಷಿನ್ ಬಿಚ್ಚುವ ಮುಂಚೆ ಅದರ ಈಗಿನ ಜಾತಕ ಬರೆದಿಡಿ. ಲೆವೆಲ್ ರೀಡಿಂಗ್, ಸ್ಪಿಂಡಲ್ ರನೌಟ್, 300 ಮಿ.ಮೀ. ಟೆಸ್ಟ್ ಮ್ಯಾಂಡ್ರೆಲ್ ಮೇಲೆ ಎರಡೂ ದಿಕ್ಕಿನ ಸಮಾನಾಂತರ, ಸಾಧ್ಯವಾದರೆ ಬಾಲ್‌ಬಾರ್ (ಅಕ್ಷಗಳ ವೃತ್ತಾಕಾರದ ಚಲನೆ ಅಳೆಯುವ ಪರೀಕ್ಷೆ). ಪುಣೆಯಲ್ಲಿ ಕೂರಿಸಿದ ಮೇಲೆ 0.03 ತಪ್ಪು ಕಂಡರೆ ಅದು ಮುಂಚೆ ಇತ್ತೋ ದಾರಿಯಲ್ಲಿ ಆಯಿತೋ ಅಂತ ಹೇಳಲು ಬೇರೆ ದಾರಿ ಇಲ್ಲ. ವಿಮಾ ಸರ್ವೇಯರ್ ಕೇಳುವ ಮೊದಲ ಕಾಗದವೂ ಅದೇ.

ಡೇಟಾ ಬ್ಯಾಕಪ್: ಮಷಿನ್‌ನ ಕಂಟ್ರೋಲ್ ಫ್ಯಾನಕ್ ಕಂಪನಿಯದಾದರೆ ಪ್ಯಾರಾಮೀಟರ್, ಪಿಎಂಸಿ ಪ್ಯಾರಾಮೀಟರ್, ಲ್ಯಾಡರ್, ಪಿಚ್ ಎರರ್, ಮ್ಯಾಕ್ರೊ, ಆಫ್‌ಸೆಟ್, 9000 ಸಾಲಿನ ಪ್ರೋಗ್ರಾಂ ಎಲ್ಲ ಬೇರೆಬೇರೆ ಫೈಲ್ ಆಗಿ ಕಾರ್ಡಿಗೆ. ಅದಲ್ಲದೆ ಬಲತುದಿಯ ಎರಡು ಸಾಫ್ಟ್ ಕೀ ಒತ್ತಿಕೊಂಡು ಪವರ್ ಆನ್ ಮಾಡಿ ಬೂಟ್ ಪರದೆಯಿಂದ ಎಸ್‌ರ‍್ಯಾಮ್ ಪೂರ್ತಿ ಬ್ಯಾಕಪ್. ಎರಡು ಕಾರ್ಡಿನಲ್ಲಿ ಇಟ್ಟು, ಒಂದು ಕಾರ್ಡ್ ಮಷಿನ್ ಜೊತೆ ಹೋಗದಂತೆ ನೋಡಿಕೊಳ್ಳಿ. ಎಲೆಕ್ಟ್ರಿಕಲ್ ಪ್ಯಾನೆಲ್‌ನ ಬಾಗಿಲಲ್ಲಿ ಅಂಟಿಸಿರುವ ಪ್ಯಾರಾಮೀಟರ್ ಹಾಳೆಯ ಫೋಟೊ ತೆಗೆಯಿರಿ.

ಬ್ಯಾಟರಿ: ಸಿಎನ್‌ಸಿ ಮೆಮೊರಿಯ ಬ್ಯಾಟರಿ ಒಂದು, ಸರ್ವೊ ಆಂಪ್ಲಿಫೈಯರ್ ಕಡೆಯ ಅಬ್ಸಲ್ಯೂಟ್ ಎನ್‌ಕೋಡರ್ ಬ್ಯಾಟರಿ ಇನ್ನೊಂದು. ಎರಡನ್ನೂ ಬೆಳಗಾವಿಯಲ್ಲೇ, ಕಂಟ್ರೋಲ್ ಪವರ್ ಆನ್ ಇದ್ದಾಗಲೇ ಹೊಸದು ಹಾಕಿ. ಪವರ್ ಆಫ್ ಮಾಡಿ ತೆಗೆದರೆ ಡೇಟಾ, ಶೂನ್ಯ ಸ್ಥಾನ ಹೋಗುವ ಅಪಾಯ ಇದೆ.

ಖಾಲಿ ಮಾಡುವುದು: ಕೂಲಂಟ್ ಪೂರ್ತಿ ತೆಗೆಯಿರಿ, ಟ್ಯಾಂಕ್ ಮತ್ತು ಚಿಪ್ ಕನ್ವೇಯರ್ ಬೇರ್ಪಡಿಸಿ. ಹೈಡ್ರಾಲಿಕ್ ಎಣ್ಣೆ ಇಳಿಸಿ, ಪೈಪ್ ತುದಿಗಳಿಗೆ ಪ್ಲಗ್ ಹಾಕಿ. ಸ್ಲೈಡ್‌ವೇ, ಬಾಲ್‌ಸ್ಕ್ರೂ, ಟೇಬಲ್, ಚಕ್ ಮುಖಕ್ಕೆ ತುಕ್ಕು ತಡೆಯುವ ಎಣ್ಣೆ ಬಳಿದು ವಿಸಿಐ (ತುಕ್ಕು ತಡೆಯುವ) ಹಾಳೆ ಸುತ್ತಿ. ಕೂಲಂಟ್ ತೇವ ಉಳಿದ ಮೇಲೆ ಸುಮ್ಮನೆ ಪ್ಲಾಸ್ಟಿಕ್ ಸುತ್ತಿದರೆ ಒಳಗೇ ಬೆವರಿ ಎರಡು ದಿನದಲ್ಲಿ ತುಕ್ಕು ಏಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾಗಣೆ ಬೇಡ.

ಲಾಕ್ ಮಾಡುವುದು: ಮಷಿನ್ ಬಂದಾಗ ಜೊತೆಗಿದ್ದ ಬಣ್ಣದ ಶಿಪ್ಪಿಂಗ್ ಬ್ರ್ಯಾಕೆಟ್ ಹುಡುಕಿ. ಇಲ್ಲದಿದ್ದರೆ ಡ್ರಾಯಿಂಗ್ ತರಿಸಿ ಮಾಡಿಸಿ. ವಿಎಂಸಿಯ ಟೇಬಲ್ ನಡುವೆ ತಂದು, ಗಟ್ಟಿ ಮರದ ದಿಮ್ಮಿ ಇಟ್ಟು, ಸ್ಪಿಂಡಲ್ ಹೆಡ್ ಅದರ ಮೇಲೆ ನಿಧಾನವಾಗಿ ಕೂರಿಸಿ ಬ್ರ್ಯಾಕೆಟ್ ಬಿಗಿಯಿರಿ. ಹೆಡ್‌ಗೆ ಕೌಂಟರ್‌ವೇಟ್ ಇರುವ ಹಳೆಯ ಮಷಿನ್‌ನಲ್ಲಿ ಕೌಂಟರ್‌ವೇಟ್ ಕೂಡ ಪಿನ್ ಹಾಕಿ ಕಟ್ಟಬೇಕು. ಪವರ್ ಇಲ್ಲದಾಗ ಅಕ್ಷ ಹಿಡಿದಿರುವುದು ಬಾಲ್‌ಸ್ಕ್ರೂ, ಸಪೋರ್ಟ್ ಬೇರಿಂಗ್ ಮಾತ್ರ. ಹೆದ್ದಾರಿಯ ಪ್ರತಿ ಕುಲುಕಾಟ ಅವುಗಳ ಮೇಲೆಯೇ ಬೀಳುತ್ತದೆ.

ಹೈಡ್ರಾ_ಹುಬ್ಬಳ್ಳಿ

ನೋಡ್ರಿ ಸರ್, ಹೈಡ್ರಾದವ್ರು ಬಂದಕೂಡ್ಲೆ ಹುಕ್ ಹಾಕಾಕ ಬಿಡಬ್ಯಾಡ್ರಿ. ಮೊದಲ ಮಷಿನ್ ಕೈಪಿಡ್ಯಾಗ ಎತ್ತೋ ಜಾಗ, ತೂಕ ನೋಡ್ರಿ. ಲೇತಿನ ಭಾರ ಹೆಡ್‌ಸ್ಟಾಕ್ ಕಡೀಗೆ ಇರ್ತದ, ನಟ್ಟನಡುವ ಹಗ್ಗ ಹಾಕಿದ್ರ ವಾಲ್ತದ. ಮೊದಲ ನಾಕ್ ಇಂಚು ಎತ್ರಿ, ನಿಲ್ಲಿಸ್ರಿ, ಲೆವೆಲ್ ನೋಡ್ರಿ, ಇಳಿಸಿ ಹಗ್ಗ ಸರಿಸ್ರಿ.

14 ಟನ್ ಹೈಡ್ರಾ ಅಂದ್ರ 14 ಟನ್ ಎಲ್ಲಾ ಕಡೆ ಎತ್ತೂದಿಲ್ರಿ. ಬೂಮ್ ಚಾಚಿದಂಗ ತಾಕತ್ತು ಇಳೀತದ. ಕ್ಯಾಬಿನ್ನ್ಯಾಗ ಲೋಡ್ ಚಾರ್ಟ್ ಇರ್ತದ, ಎಷ್ಟು ದೂರಕ್ಕ ಎಷ್ಟು ಟನ್ ಅಂತ ಓದಿಸ್ರಿ. ಶೆಡ್ಡಿನ ಒಳಗ ಹೈಡ್ರಾ ಹೋಗೂದಿಲ್ಲ ಅಂದ್ರ ಟೋ ಜಾಕ್, ರೋಲರ್ ಸ್ಕೇಟ್ ಬೇಕು. ಶಟರ್ ಹತ್ರ ನೆಲ ಎತ್ತರ-ತಗ್ಗು ಇದ್ರ 10 ಎಂಎಂ ಪ್ಲೇಟ್ ಹಾಸ್ರಿ, ಸ್ಕೇಟ್ ಚಕ್ರ ಸಣ್ಣ ಸಂದಿಗೂ ಸಿಕ್ಕೋತದ.

ಲಾರ‍್ಯಾಗ ಕಟ್ಟೂದು ಬೇಸ್ ಕಾಸ್ಟಿಂಗ್‌ಗೆ, ರ‍್ಯಾಚೆಟ್ ಬೆಲ್ಟ್‌ಲೆ. ಶೀಟ್ ಮೆಟಲ್ ಕವರ್ ಮ್ಯಾಲ ಬೆಲ್ಟ್ ಬಿಗಿದ್ರ ಬಾಗಲಾ ಮತ್ತ ಸರಿ ಹೊಂದೂದಿಲ್ಲ. ಕೆಳಗ ಮರದ ಪಟ್ಟಿ, ಅದರ ಕೆಳಗ ರಬ್ಬರ್. ತುಂಬಿದ ಮ್ಯಾಲ ಐವತ್ತು ಕಿಲೋಮೀಟರ್ ಹೋಗಿ ಒಮ್ಮೆ ಬೆಲ್ಟ್ ನೋಡ್ರಿ, ಮೊದಲ ಸಲ ಸಡ್ಲ ಆಗೇ ಆಗ್ತಾವ. ಖಂಬಾಟ್ಕಿ ಘಾಟ, ಆಮೇಲೆ ಕಾತ್ರಜ್ ಬೋಗದಾ ದಾಟಿ ನವಲೆ ಸೇತುವೆ ತನಕ ಇಳಿಜಾರು. ಅಲ್ಲಿ ಲಾರಿ ಗೇರಿನ್ಯಾಗ ಇಳೀಬೇಕು, ನ್ಯೂಟ್ರಲ್ ಹಾಕೋ ಡ್ರೈವರ್ ಬ್ಯಾಡ.

ಪುಣ್ಯಾದಾಗ ಇಳಿಸೋ ಮುಂದ ಮಾಥಾಡಿ (ಹಮಾಲರ) ವಿಷಯ ಮೊದಲ ಕೇಳಿ ಇಟ್ಕೊಳ್ರಿ. ಮಹಾರಾಷ್ಟ್ರದಾಗ 1969ರ ಕಾಯ್ದೆ ಅದ. ಅದು ಆ ಜಾಗಕ್ಕ, ಆ ಕೆಲಸಕ್ಕ ಹತ್ತತದೋ ಇಲ್ಲೋ ಅಂತ ಮಾಥಾಡಿ ಮಂಡಳಿಗೆ ಕೇಳ್ರಿ. ಕೊಡೂದಿದ್ರ ಮಂಡಳಿ ಮೂಲಕ, ರಸೀದಿ ತಗೊಂಡು. ಗೇಟಿನ ಮುಂದ ಬಂದು ರೊಕ್ಕ ಕೇಳೋವರಿಗೆ ಕೈಯಾಗ ಕೊಡಬ್ಯಾಡ್ರಿ.

ಚಾಕಣ್_ಕ್ಯೂಸಿ

ಆಟೊಮೊಬೈಲ್ ಬಿಡಿಭಾಗ ಮಾಡುವವರಿಗೆ ಇದಕ್ಕಿಂತ ದೊಡ್ಡ ವಿಷಯ ಒಂದಿದೆ: ತಯಾರಿಕೆಯ ಜಾಗ ಬದಲಾದರೆ ಗಿರಾಕಿಗೆ ಮೊದಲೇ ತಿಳಿಸಿ ಪಿಪಿಎಪಿ (ಬಿಡಿಭಾಗಕ್ಕೆ ಗಿರಾಕಿಯ ಅನುಮೋದನೆ ಪಡೆಯುವ ದಾಖಲೆ) ಮತ್ತೆ ಸಲ್ಲಿಸಬೇಕು. ಅದೇ ಮಷಿನ್, ಅದೇ ಆಪರೇಟರ್, ಅದೇ ಪ್ರೋಗ್ರಾಂ ಅನ್ನುವ ವಾದ ನಡೆಯುವುದಿಲ್ಲ. ಉತ್ಪಾದನಾ ವೇಗದಲ್ಲಿ ಒಂದರಿಂದ ಎಂಟು ಗಂಟೆ ಓಟ, ಗಿರಾಕಿ ಬೇರೆ ಹೇಳದಿದ್ದರೆ ಕನಿಷ್ಠ 300 ಸತತ ಬಿಡಿಭಾಗ, ಅದರಿಂದ ಅಳತೆ ವರದಿ, ಎಂಎಸ್‌ಎ (ಅಳತೆ ವ್ಯವಸ್ಥೆಯ ಪರೀಕ್ಷೆ), ಮುಖ್ಯ ಅಳತೆಗಳ ಸಿಪಿಕೆ (ಪ್ರಕ್ರಿಯೆಯ ಸಾಮರ್ಥ್ಯದ ಸೂಚ್ಯಂಕ) 1.67ಕ್ಕಿಂತ ಮೇಲೆ. ಐಎಸ್‌ಒ 9001 ಅಥವಾ ಐಎಟಿಎಫ್ 16949 ಇದ್ದರೆ ಪ್ರಮಾಣಪತ್ರ ವಿಳಾಸಕ್ಕೆ ಕಟ್ಟಿದ್ದು, ಸರ್ಟಿಫಿಕೇಶನ್ ಸಂಸ್ಥೆಗೂ ಈಗಲೇ ಬರೆಯಿರಿ.

ಹಾಗಾಗಿ ನನ್ನ ಪ್ರಕಾರ ಎರಡು ಕಂತು. ಮೊದಲು ಎರಡು ಲೇತ್, ಒಂದು ವಿಎಂಸಿ ಬರಲಿ. ಬೆಳಗಾವಿಯಲ್ಲಿ ಉಳಿದವು ಓಡುತ್ತಿರಲಿ. ಪುಣೆಯ ಮಷಿನ್‌ಗಳ ಪಿಪಿಎಪಿಗೆ ಗಿರಾಕಿಯ ಸಹಿ ಬಿದ್ದ ಮೇಲೆ ಎರಡನೆಯ ಕಂತು ಕಳಚಿ. ಸಾಗಿಸುವ ಮುಂಚೆ ಪ್ರತಿ ಬಿಡಿಭಾಗಕ್ಕೂ ನಾಲ್ಕರಿಂದ ಆರು ವಾರದ ಸ್ಟಾಕ್. ಸ್ಟಾಕ್ ಲೆಕ್ಕ ಹಾಕುವಾಗ ಹೊರಗಿನ ಪ್ಲೇಟಿಂಗ್ ದಿನಗಳನ್ನೂ ಸೇರಿಸಿ. ಪುಣೆಯಲ್ಲಿ ಹೊಸ ಪ್ಲೇಟಿಂಗ್‌ನವರಿಗೆ ಕೊಡುತ್ತೀರಾದರೆ ಅದೂ ಪಿಪಿಎಪಿ ಬದಲಾವಣೆಯೇ. ಜಾಗ ಮತ್ತು ಉಪ-ಸರಬರಾಜುದಾರ ಎರಡನ್ನೂ ಒಟ್ಟಿಗೆ ಬದಲಿಸಿದರೆ, ತಪ್ಪು ಬಂದಾಗ ಎಲ್ಲಿಂದ ಬಂತು ಅಂತ ಗೊತ್ತಾಗದು. ಮೊದಲ ಮೂರು ತಿಂಗಳು ಹಳೆಯವರಿಗೇ ಕಳಿಸಿ, ಸಾಗಣೆ ಖರ್ಚಾದರೂ ಸರಿ.

ಒಂದೇ_ಶಿಫ್ಟ್

ಕ್ಯೂಸಿ ಅವರ ಮಾತು ದೊಡ್ಡ ಘಟಕಕ್ಕೆ ಸರಿ. 14 ಜನರಲ್ಲಿ ಸೆಟ್ಟರ್ (ಮಷಿನ್‌ಗೆ ಟೂಲ್, ಪ್ರೋಗ್ರಾಂ ಹೊಂದಿಸುವವರು) ಎಷ್ಟು ಜನ? ಒಬ್ಬರೋ ಇಬ್ಬರೋ. ಎರಡು ಊರಿನಲ್ಲಿ ಮಷಿನ್ ಇಟ್ಟರೆ ಸೆಟ್ಟರ್ ಎಲ್ಲಿರಬೇಕು? ಎರಡು ಬಾಡಿಗೆ, ಎರಡು ಕರೆಂಟ್ ಬಿಲ್, ಎರಡು ಸಲ ಹೈಡ್ರಾ, ಒಂದೇ ಕಂಪ್ರೆಸರ್. ಸ್ಟಾಕ್ ಚೆನ್ನಾಗಿ ಮಾಡಿಕೊಂಡು, ಗಿರಾಕಿಯಿಂದ ತಾತ್ಕಾಲಿಕ ಒಪ್ಪಿಗೆ ಬರೆಸಿಕೊಂಡು, ಒಂದೇ ಸಲ ಸಾಗಿಸಿದರೆ ಎರಡು-ಮೂರು ವಾರದಲ್ಲಿ ಮುಗಿಯುತ್ತದೆ.

ಚಾಕಣ್_ಕ್ಯೂಸಿ

ಆ ಮೂರು ವಾರದ ಲೆಕ್ಕದಲ್ಲಿ ಕರೆಂಟ್ ಮಂಜೂರಾತಿ ತಡವಾಗುವುದು ಸೇರಿಲ್ಲ ಸರ್. ಒಂದೇ ಸಲ ತರುವುದಾದರೆ ಕಡೇಪಕ್ಷ ಮೀಟರ್ ಕೂತು, ಅರ್ಥ್ ಅಳತೆಯಾಗಿ, ಕಾಂಕ್ರೀಟಿಗೆ 28 ದಿನ ಆದ ಮೇಲೆ ಮೊದಲ ಬೋಲ್ಟ್ ಬಿಚ್ಚಲಿ. ಸೆಟ್ಟರ್ ಒಬ್ಬರೇ ಅನ್ನುವುದು ನಿಜವಾದ ತೊಂದರೆ, ಒಪ್ಪುತ್ತೇನೆ. ಅದಕ್ಕೆ ಬೆಳಗಾವಿಯಲ್ಲಿ ಉಳಿಯುವ ಮಷಿನ್‌ಗಳಲ್ಲಿ ಆ ಅವಧಿಗೆ ಸೆಟ್ಟಿಂಗ್ ಬದಲಾಗದ ದೊಡ್ಡ ಸಂಖ್ಯೆಯ ಬಿಡಿಭಾಗ ಮಾತ್ರ ಓಡಿಸಿ. ಆಪರೇಟರ್‌ಗೆ ಇನ್ಸರ್ಟ್ ಬದಲಾಯಿಸಿ ಆಫ್‌ಸೆಟ್ ಕೊಡಲು ಬಂದರೆ ಸಾಕು. ಕಂಪ್ರೆಸರ್ ಆ ತಿಂಗಳಿಗೆ ಬಾಡಿಗೆಗೆ ಸಿಗುತ್ತದೆ.

ಉದ್ಯಮಬಾಗ_ಟರ್ನಿಂಗ್

ಸೆಟ್ಟರ್ ಇಬ್ಬರು ಇದ್ದಾರೆ, ಆದ್ದರಿಂದ ಎರಡು ಕಂತಿಗೇ ಮನಸ್ಸು ವಾಲಿದೆ. ಜನರ ವಿಷಯ ಕೇಳಬೇಕಿತ್ತು: 14ರಲ್ಲಿ ಎಂಟು ಮಂದಿ ಬರಲು ಒಪ್ಪಿದ್ದಾರೆ, ಆರು ಮಂದಿ ಬರಲಾರರು. ಕಾಂಕ್ರೀಟ್ ಎಷ್ಟು ದಪ್ಪ ಬೇಕು ಅನ್ನುವುದನ್ನೂ ಹೇಳಿ.

ಖಾತೆ_ಕಿರ್ದಿ

ಬರುವ ಎಂಟು ಮಂದಿಯಿಂದ ರಾಜೀನಾಮೆ ಬರೆಸಿಕೊಂಡು ಪುಣೆಯಲ್ಲಿ ಹೊಸದಾಗಿ ಸೇರಿಸಿಕೊಳ್ಳುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಮಾಲೀಕರು ನೀವೇ, ಅವರ ಸೇವೆ ಮುಂದುವರಿಯುವುದು. ವರ್ಗಾವಣೆ ಪತ್ರ ಕೊಡಿ, ಅದರಲ್ಲಿ ಮೊದಲು ಸೇರಿದ ದಿನಾಂಕ ಇರಲಿ. ಪಿಎಫ್‌ನ ಯುಎಎನ್ ಅದೇ ಉಳಿಯುತ್ತದೆ, ಇಎಸ್‌ಐಗೆ ಪುಣೆಯ ಸಬ್-ಕೋಡ್ ಪಡೆಯಿರಿ. ಇಲ್ಲವಾದರೆ ಅವರ ಮನೆಯವರಿಗೆ ಇಲ್ಲಿನ ಡಿಸ್ಪೆನ್ಸರಿಯಲ್ಲಿ ಚಿಕಿತ್ಸೆಗೆ ತೊಡಕಾಗುತ್ತದೆ. ವೃತ್ತಿ ತೆರಿಗೆ ಮಹಾರಾಷ್ಟ್ರದ ದರದಲ್ಲಿ: ತಿಂಗಳಿಗೆ 200, ಫೆಬ್ರುವರಿಯಲ್ಲಿ 300. ಮಹಿಳೆಯರಿಗೆ 25,000 ಸಂಬಳದವರೆಗೆ ಇಲ್ಲ. ನಿಮ್ಮ ಹೆಸರಿನಲ್ಲಿ ವರ್ಷಕ್ಕೆ 2,500 ಬೇರೆ.

ಬಾರದ ಆರು ಮಂದಿಗೆ ನೋಟಿಸ್ ಅಥವಾ ಅದರ ಬದಲು ಒಂದು ತಿಂಗಳ ಸಂಬಳ, ಪೂರ್ತಿಯಾದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಪರಿಹಾರ. ಐದು ವರ್ಷ ಆದವರಿಗೆ ಗ್ರಾಚ್ಯುಟಿ ಇದರ ಮೇಲೆ. ಮೂಲ ವೇತನ ಮತ್ತು ಡಿಎ 18,000, ಸೇವೆ 9 ವರ್ಷ ಇದ್ದರೆ 18,000ವನ್ನು 26ರಿಂದ ಭಾಗಿಸಿ, 15ರಿಂದ, 9ರಿಂದ ಗುಣಿಸಿ: 93,462 ರೂಪಾಯಿ. ಈ ಹಣವನ್ನು ಸಾಗಣೆ ಖರ್ಚಿನ ಮೊದಲ ಸಾಲಿನಲ್ಲಿ ಬರೆಯಿರಿ. ವರ್ಷಗಟ್ಟಲೆ ನಿಮ್ಮ ಮಷಿನ್ ಮುಂದೆ ನಿಂತವರ ಬಾಕಿ ಅದು, ಹಣ ಉಳಿದರೆ ಕೊಡುವ ಬಾಬತ್ತಲ್ಲ.

ಭೋಸರಿ_ಗಾಳಾ

ಬರುವ ಎಂಟು ಮಂದಿಗೆ ಮಷಿನ್ ಬರುವ ಮೊದಲೇ ಕೋಣೆ ಹಿಡಿದಿಡಿ. ಡಿಪಾಜಿಟ್ ನೀವು ಕೊಟ್ಟು ಕಂತಿನಲ್ಲಿ ಹಿಡಿದುಕೊಳ್ಳುವ ವ್ಯವಸ್ಥೆ ಆದರೆ ಜನ ನಿಲ್ಲುತ್ತಾರೆ. ಸಂಸಾರ ಕರೆತರುವವರು ಮಕ್ಕಳ ಶಾಲೆ ಕೇಳುತ್ತಾರೆ. ಎರಂಡವಣೆಯ ಗಣೇಶನಗರದಲ್ಲಿ ಕನ್ನಡ ಸಂಘದ ಶಾಲೆ ಇದೆ, ಆದರೆ ಭೋಸರಿಯಿಂದ ದಿನಾ ಹೋಗಿಬರುವುದು ಮಗುವಿಗೆ ದೂರ. ಜೂನ್‌ನಲ್ಲಿ ಇಲ್ಲಿನ ಶಾಲೆ ಶುರು. ಏಪ್ರಿಲ್–ಮೇ ಸಾಗಣೆ ಮಳೆಗೂ ಶಾಲೆಗೂ ಎರಡಕ್ಕೂ ಹೊಂದುತ್ತದೆ.

ಕಾರ್ಖಾನೆ ನೋಂದಣಿ: ವಿದ್ಯುತ್ ಬಳಸುವ ಘಟಕದಲ್ಲಿ 20 ಜನ ಆದರೆ ಡಿಶ್ (ಕೈಗಾರಿಕಾ ಸುರಕ್ಷತಾ ನಿರ್ದೇಶನಾಲಯ) ಲೈಸೆನ್ಸ್ ಬೇಕು. ಗುತ್ತಿಗೆ ಕೆಲಸಗಾರರೂ ಎಣಿಕೆಗೆ ಸೇರುತ್ತಾರೆ. ಮಾಲಿನ್ಯ ಮಂಡಳಿಗೆ ಪ್ರಕ್ರಿಯೆ ಪಟ್ಟಿ ಬರೆಯುವಾಗ ಇರುವುದನ್ನಷ್ಟೇ ಬರೆಯಿರಿ. ಮುಂದೆ ಮಾಡೋಣ ಅಂತ ಪ್ಲೇಟಿಂಗ್ ಸೇರಿಸಿದರೆ ಕೆಂಪು ವರ್ಗಕ್ಕೆ ಹೋಗುತ್ತೀರಿ. ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. 90 ದಿನಕ್ಕಿಂತ ಹೆಚ್ಚು ಇಡುವಂತಿಲ್ಲ, ಅಧಿಕೃತ ಮರುಬಳಕೆದಾರರಿಗೇ ಕೊಡಬೇಕು. ಬೆಳಗಾವಿಯಲ್ಲಿ ಇಳಿಸಿದ ಎಣ್ಣೆ ಡ್ರಮ್‌ಗಳನ್ನು ಅಲ್ಲಿಯೇ ವಿಲೇವಾರಿ ಮಾಡಿ, ಲಾರಿಗೆ ಹಾಕಬೇಡಿ.

ಸ್ಪಿಂಡಲ್_ಡಾಕ್ಟರ್

ಕಾಂಕ್ರೀಟ್: ನಿಮ್ಮ ಗಾತ್ರದ ಮಷಿನ್‌ಗೆ ಎಂ25 ಗ್ರೇಡ್, 200 ಮಿ.ಮೀ. ದಪ್ಪ, ಕಬ್ಬಿಣದ ಜಾಳಿಗೆ ಹಾಕಿದ್ದು. ನೆಲ ಕಪ್ಪು ಮಣ್ಣಿನದಾದರೆ ಅಗೆದು ಮುರುಮ್ (ಗರಸು ಮಣ್ಣು) ತುಂಬಿ ದಮ್ಮಸು ಮಾಡಿಸಿ, ಚಾಕಣ್ ಕಡೆ ತೋಟದ ಹೊಲಗಳ ಮೇಲೆ ಎದ್ದ ಶೆಡ್‌ಗಳಲ್ಲಿ ಇದು ಮುಖ್ಯ. ಶೆಡ್ಡಿನ ನೆಲದ ಜಾಯಿಂಟ್ ಮಷಿನ್ ಕೆಳಗೆ ಹಾದುಹೋಗಬಾರದು, ಎರಡು ಚಪ್ಪಡಿ ಬೇರೆಬೇರೆ ಕುಸಿದರೆ ಲೇತಿನ ಬೆಡ್ ತಿರುಚುತ್ತದೆ. ಪಕ್ಕದ ಗಾಳಾದಲ್ಲಿ ಪವರ್ ಪ್ರೆಸ್ ಇದೆಯೇ ನೋಡಿ. ಇದ್ದರೆ ವಿಎಂಸಿ ಆ ಗೋಡೆಯಿಂದ ದೂರ.

ಲೆವೆಲಿಂಗ್‌ಗೆ ಮೀಟರಿಗೆ 0.02 ಮಿ.ಮೀ. ಸ್ಪಿರಿಟ್ ಲೆವೆಲ್. ಮೊದಲು ನಾಲ್ಕು ಮೂಲೆ ಪ್ಯಾಡ್, ನಡುವಿನವು ಆಮೇಲೆ ತಾಗಿಸಿದರೆ ಸಾಕು. ಎಣ್ಣೆ, ಕೂಲಂಟ್ ತುಂಬಿ ಒಂದು ದಿನ ಬಿಟ್ಟು ಮತ್ತೆ ನೋಡಿ. ಲೇತಿನಲ್ಲಿ 200 ಮಿ.ಮೀ. ಉದ್ದ ಸಣ್ಣ ಕಟ್ ಹಾಕಿ ಎರಡು ತುದಿ ಅಳೆಯಿರಿ. ಟೇಪರ್ ಬಂದರೆ ತಕ್ಷಣ ಟೇಲ್‌ಸ್ಟಾಕ್ ಅಥವಾ ಹೆಡ್‌ಸ್ಟಾಕ್ ಮುಟ್ಟಬೇಡಿ, ಮೊದಲು ಲೆವೆಲ್. ಪ್ರೋಗ್ರಾಂನಲ್ಲಿ ಟೇಪರ್ ತಿದ್ದಿ ಮಾಲು ಪಾಸ್ ಮಾಡುವುದು ಬೇಡವೇ ಬೇಡ, ತಿಂಗಳೊಳಗೆ ನೆಲ ಕೂತ ಮೇಲೆ ಅದು ಮತ್ತೆ ಬದಲಾಗುತ್ತದೆ. ನಾಲ್ಕು ವಾರದ ನಂತರ ಒಂದು ಸಲ, ಮೂರು ತಿಂಗಳಿಗೆ ಇನ್ನೊಂದು ಸಲ ಲೆವೆಲ್.

ವಿಮೆ ಬಗ್ಗೆ ಒಂದು ಮಾತು. ಇನ್‌ಲ್ಯಾಂಡ್ ಟ್ರಾನ್ಸಿಟ್‌ನಲ್ಲಿ ಎ, ಬಿ, ಸಿ ಅಂತ ಮೂರು ಬಗೆ. ಸಿ ಅಂದರೆ ಬೆಂಕಿ, ಸಿಡಿಲು ಮಾತ್ರ. ಬಿ ಹೆಸರಿಸಿದ ಅಪಘಾತಗಳಿಗೆ. ನಿಮಗೆ ಬೇಕಾದದ್ದು ಎ. ಏರಿಸುವಾಗ, ಇಳಿಸುವಾಗ ಆಗುವ ಹಾನಿ ಸೇರಿದೆಯೇ ಅಂತ ಪಾಲಿಸಿಯಲ್ಲೇ ಓದಿ ನೋಡಿ. ಮಷಿನ್ ಬೀಳುವುದು ಹೆದ್ದಾರಿಯಲ್ಲಲ್ಲ, ಹುಕ್ಕಿನಿಂದ.

ಉದ್ಯಮಬಾಗ_ಟರ್ನಿಂಗ್

ತುಂಬ ಉಪಕಾರ. ಕೊನೆಯದಾಗಿ ಎರಡು. ಹಳೆಯ ಜಿಎಸ್‌ಟಿ ಯಾವಾಗ ರದ್ದು ಮಾಡಿಸಬೇಕು? ಪುಣೆಯಲ್ಲಿ ಮೊದಲ ಸಲ ಆನ್ ಮಾಡಿದಾಗ ಫ್ಯಾನಕ್‌ನಲ್ಲಿ 300 ನಂಬರಿನ ಅಲಾರಂ ಬಂದರೆ ಏನು ಮಾಡಬೇಕು?

ಖಾತೆ_ಕಿರ್ದಿ

ಕೊನೆಯ ಮಷಿನ್, ಕೊನೆಯ ಕೆ.ಜಿ. ಸ್ಟಾಕ್ ಇನ್ವಾಯ್ಸ್ ಆಗಿ ಹೊರಟ ಮೇಲೆ. ಮುಂಚೆಯೇ ರದ್ದು ಮಾಡಿಸಿದರೆ ಅಲ್ಲಿ ಉಳಿದ ಮಾಲಿನ ಮೇಲಿನ ಕ್ರೆಡಿಟ್ ಹಿಂದಿರುಗಿಸಬೇಕು. ಸ್ಕ್ರ್ಯಾಪ್, ಬರ್ (ಲೋಹದ ಚೂರು) ಕೂಡ ಅಲ್ಲೇ ಮಾರಿ ಬಿಲ್ ಮಾಡಿ. ಗಿರಾಕಿಗಳಿಂದ ಹಳೆಯ ಬಿಲ್‌ಗಳ ಡೆಬಿಟ್ ನೋಟ್ ಬರುವುದಿದ್ದರೆ ಅದನ್ನೂ ಮುಗಿಸಿಕೊಳ್ಳಿ. ರದ್ದಾದ ಮೇಲೆ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10.

ಸ್ಪಿಂಡಲ್_ಡಾಕ್ಟರ್

300 ಅಂದರೆ ಆ ಅಕ್ಷ ತನ್ನ ಶೂನ್ಯ ಸ್ಥಾನ ಮರೆತಿದೆ. ಎನ್‌ಕೋಡರ್ ಕೇಬಲ್ ಬಿಚ್ಚಿದ್ದರೆ ಅಥವಾ ಬ್ಯಾಟರಿ ಇಳಿದಿದ್ದರೆ ಬರುತ್ತದೆ. ಹೊಸ ಬ್ಯಾಟರಿ ಹಾಕಿ, ಅಕ್ಷವನ್ನು ಹ್ಯಾಂಡ್‌ವೀಲ್‌ನಿಂದ ತಯಾರಕರು ಹಾಕಿದ ಗುರುತಿಗೆ ತಂದು, 1815ನೇ ಪ್ಯಾರಾಮೀಟರ್‌ನ ಆ ಅಕ್ಷದ #4 ಬಿಟ್ (ಎಪಿಝಡ್) 1 ಮಾಡಿ ಪವರ್ ಆಫ್-ಆನ್ ಮಾಡಬೇಕು. ಅದಕ್ಕೇ ಬೆಳಗಾವಿಯಲ್ಲಿ ಬಿಚ್ಚುವ ಮುಂಚೆ ಪ್ರತಿ ಅಕ್ಷವನ್ನು ಶೂನ್ಯಕ್ಕೆ ತಂದು, ಸ್ಲೈಡ್ ಮತ್ತು ಬೇಸ್ ಎರಡರ ಮೇಲೂ ಸಾಲುಗೂಡುವಂತೆ ಸ್ಕ್ರೈಬರ್‌ನಿಂದ ಸಣ್ಣ ಗೆರೆ ಎಳೆಯಿರಿ, ಫೋಟೊ ತೆಗೆಯಿರಿ. ಗೆರೆಗೆ ತಂದು ಹೊಂದಿಸಿದ ಮೇಲೂ ವರ್ಕ್ ಆಫ್‌ಸೆಟ್ ಎಲ್ಲವನ್ನೂ ಹೊಸದಾಗಿ ತೆಗೆದುಕೊಳ್ಳಿ. ವಿಎಂಸಿಯ ಝಡ್ ಅಕ್ಷದಲ್ಲಿ ಟೂಲ್ ಬದಲಿಸುವ ಎತ್ತರವನ್ನು ಆಟೊದಲ್ಲಿ ಓಡಿಸುವ ಮುಂಚೆ ಕೈಯಿಂದ ಒಂದೊಂದೇ ಹೆಜ್ಜೆ ಇಟ್ಟು ಪರೀಕ್ಷಿಸಿ. ಶೂನ್ಯ ಎರಡು ಮಿ.ಮೀ. ಸರಿದಿದ್ದರೂ ಎಟಿಸಿ (ತಾನಾಗಿ ಟೂಲ್ ಬದಲಿಸುವ ಸಾಧನ) ತೋಳು ಸ್ಪಿಂಡಲ್‌ಗೆ ಬಡಿಯುತ್ತದೆ.